ಮೂರನೇ ಮಂಚದವನ ಹೆಸರು

೧೯೪೧ ಆಗಸ್ಟ್ ೪, ಸೋಮವಾರ

ಡಾಕ್ಟರ್ ಸಾಹೇಬರು ಇಂದು ನನ್ನನ್ನು ಕರೆದು ಈ ಹಳೆಯ ರಿಜಿಸ್ಟರನ್ನು ಕೈಗಿಟ್ಟರು. ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇವೆ.

"ಪಕೀರಪ್ಪನವ್ರ, ಸಿಟ್ಟು ಬಂದಾಗ ಇದರಾಗ ಬರೀರಿ. ರೋಗಿಗಳ ಮ್ಯಾಲ ಒದರಬ್ಯಾಡ್ರಿ. ನಿನ್ನಿ ನೀವು ಬೈದದ್ದಕ್ಕ ಒಬ್ಬಾವ ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳದನ ಓಡಿ ಹೋಗ್ಯಾನ."

ಓಡಿಹೋದನೆಂದರೆ ಕಾಲು ವಾಸಿಯಾಗಿದೆ ಎಂದೇ ಅರ್ಥ. ಹಾಗೆಂದೆ. ಅವರು ನಕ್ಕರು. ನಗುವಂಥದ್ದು ಅದರಲ್ಲಿ ಏನಿತ್ತೋ.

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು. ಮಾಸ್ತರ ಹೊಡೆದ, ನಾನು ತಿರುಗಿ ಹೊಡೆದೆ, ಅಲ್ಲಿಗೆ ವಿದ್ಯೆ ಮುಗಿಯಿತು. ಆದರೂ ಯಲಬುರ್ಗಿಯ ಈ ಎಂಟು ಮಂಚದ ದವಾಖಾನೆಯಲ್ಲಿ, ಸಾವುಕಾರರು ಅದನ್ನು ಧರ್ಮಕ್ಕೆಂದು ಕಟ್ಟಿಸಿದ ದಿನದಿಂದ, ಔಷಧಿ ಕಲೆಸುವವನು, ಕುಡಿಸುವವನು, ಗಾಯ ತೊಳೆಯುವವನು ನಾನೇ. ಮೂವತ್ತೆರಡು ವರ್ಷ. ಡಾಕ್ಟರುಗಳು ಐದು ಮಂದಿ ಬದಲಾದರು. ನಾನು ಆಗಲಿಲ್ಲ.

ಈಗ ಒಬ್ಬ ನರ್ಸ ಬಾಯಿಯನ್ನು ತಂದಿದ್ದಾರೆ. ಕಳಕಮ್ಮ ಎಂದು ಹೆಸರು, ಗಜೇಂದ್ರಗಡದ ಕಡೆಯವಳು. ಹದಿನೇಳಕ್ಕೆ ಗಂಡ ತೀರಿಕೊಂಡ ಮೇಲೆ ಗದಗಿನತ್ತ ಒಂದು ಮಿಶನ್ ದವಾಖಾನೆಯಲ್ಲಿ ನಾಲ್ಕು ವರ್ಷ ಕಲಿತಳಂತೆ. ಬಿಳಿ ಸೀರೆ, ಎದೆಯ ಮೇಲೆ ಪಿನ್ನು ಹಾಕಿ ತೂಗುಬಿಟ್ಟ ಗಡಿಯಾರ. ಬಂದ ಮೊದಲ ದಿನವೇ ನನ್ನ ಕೈ ನೋಡಿ, "ಕಾಕಾರ, ಸಾಬೂನು ಅಲ್ಲೈತ್ರಿ" ಎಂದಳು. ನನ್ನ ಹೆಂಡತಿಯೂ ನನಗೆ ಹಾಗೆ ಹೇಳುವ ಧೈರ್ಯ ಮಾಡಿಲ್ಲ.

ಆಗಸ್ಟ್ ೭, ಗುರುವಾರ

ಹೊಸ ಹುಕುಂ. ಔಷಧಿ ಕುಡಿಸುವ ಮೊದಲು ಪ್ರತಿ ಸಲವೂ ರೋಗಿಯ ಹೆಸರು, ಊರು ಕೇಳಬೇಕಂತೆ. ಇರುವುದು ಎಂಟು ಮಂಚ. ಗೋಡೆಯ ಮೇಲೆ ಡಾಂಬರಿನಲ್ಲಿ ಒಂದರಿಂದ ಎಂಟು ನಂಬರು ನಾನೇ ಬರೆದಿದ್ದೇನೆ, ಕುರುಡನಿಗೂ ಕಾಣುವಂತೆ.

"ಮುಂಜಾನೆ ಕೇಳೀನಲ್ಲ ಬಾಯಿ, ಸಂಜಿಗೆ ಅವನ ಹೆಸರು ಬದಲಾಗಿರ್ತೈತೇನು?"

"ಹೆಸರು ಬದಲಾಗಂಗಿಲ್ಲರಿ ಕಾಕಾರ. ಮಂಚ ಬದಲಾಗಬಹುದು."

"ಮಂಚಕ್ಕ ಕಾಲು ಅದಾವ, ಖರೆ. ನಡೀತಾವೇನು?"

ಕಸ ಹೊಡೆಯುತ್ತಿದ್ದ ಆಯಾ ಅಮೀನಾಬೀ ಪೊರಕೆ ಬಿಟ್ಟು ನಕ್ಕಳು. ನಕ್ಕದ್ದು ನನ್ನ ಮಾತಿಗೋ ನನ್ನ ಮೇಲೋ ತಿಳಿಯಲಿಲ್ಲ.

ಸರಿ, ಕೇಳಿದೆ. ಎರಡನೇ ಮಂಚದವನು ಜ್ವರದಲ್ಲಿ ಬಡಬಡಿಸುತ್ತಿದ್ದ. ಹೆಂಡತಿ ಪಕ್ಕದಲ್ಲಿ.

"ನಿನ್ನ ಗಂಡನ ಹೆಸರೇನವ್ವಾ?"

"ಅವ್ರರಿ."

"ಅವ್ರು ಅಂದ್ರ ಯಾರು?"

"ಇವ್ರರಿ."

ನಮ್ಮ ಕಡೆಯ ಹೆಂಗಸು ಗಂಡನ ಹೆಸರು ಹೇಳುತ್ತಾಳೆಯೇ? ಹೇಳಿದರೆ ಅವನ ಆಯುಷ್ಯದಲ್ಲಿ ಒಂದು ದಿನ ಉದುರುತ್ತದೆ ಎಂದು ನಂಬಿದವರು. "ದೇವರ ಹೆಸರೇನು? ಈಶ್ವರನದೇನು?" ಎಂದೆ. ತಲೆ ಅಲ್ಲಾಡಿಸಿದಳು. "ಮಾರುತಿಯದೇನು?" ಇಲ್ಲ. "ಗವಿಸಿದ್ಧನದೇನು?" ಇಲ್ಲ. ಮೂವತ್ಮೂರು ಕೋಟಿ ದೇವರಲ್ಲಿ ಹದಿನಾಲ್ಕು ಮುಗಿಸುವಷ್ಟರಲ್ಲಿ ಕೈಯಲ್ಲಿದ್ದ ಕ್ವಿನೈನು ಆರಿಹೋಯಿತು. ಕೊನೆಗೆ ನೋಡಿದರೆ ಅವನ ಹೆಸರು ಕಲ್ಲಪ್ಪ. ಇದು ಹುಕುಂ ಅಲ್ಲ, ಹುಚ್ಚು.

ಆ ಬಾಯಿ ನೋಡದೆ ಇರುವಾಗ ನಾನು ನಂಬರನ್ನೇ ನೋಡುತ್ತೇನೆ.

ಆಗಸ್ಟ್ ೧೨, ಮಂಗಳವಾರ

ಡಾಕ್ಟರ್ ಸಾಹೇಬರು ಗಂಗಾವತಿಗೆ ಹೊರಟರು. ಅಲ್ಲಿಯ ಮರಳಿ ಎಂಬ ಹಳ್ಳಿಯಲ್ಲಿ ಕಾಲರಾ ಕಾಣಿಸಿದೆ, ಸೂಜಿ ಚುಚ್ಚಬೇಕು. ನಾಲ್ಕು ದಿನ ದವಾಖಾನೆ ಆ ಬಾಯಿಯ ಕೈಯಲ್ಲಿ. ನನ್ನ ಕೈಯಲ್ಲಿ ಎಂದು ಯಾರೂ ಹೇಳಲಿಲ್ಲ.

ಇಬ್ಬರು ಹೊಸ ರೋಗಿಗಳು. ಇಟಗಿಯಿಂದ ಹನುಮಣ್ಣ, ಮೂವತ್ತರ ಪ್ರಾಯದವನು. ಮುದ್ದತಿನ ಜ್ವರ, ಡಾಕ್ಟರು ಟೈಫಾಯಿಡ್ ಎನ್ನುವುದು. ಇಪ್ಪತ್ತೊಂದು ದಿನಕ್ಕೋ ಇಪ್ಪತ್ತೆಂಟಕ್ಕೋ ಇಳಿಯುವ ಆ ಕೆಟ್ಟ ಜ್ವರ. ಈಗಾಗಲೇ ಹದಿಮೂರು ದಿನ ಕಳೆದಿವೆ. ಹೆಂಡತಿ ಹುಲಿಗವ್ವ ಮುಖದ ಮೇಲೆ ಮೊಳದಷ್ಟು ಸೆರಗು ಎಳೆದುಕೊಂಡೇ ಇರುತ್ತಾಳೆ. ಅವನಿಗೆ ಆರನೇ ಮಂಚ.

ಇನ್ನೊಬ್ಬ ಕುಷ್ಟಗಿ ಕಡೆಯ ದ್ಯಾವಪ್ಪ. ಹೊಟ್ಟೆ ತುಂಬ ಜಂತುಹುಳ, ಬಾಯಿ ತುಂಬ ಮಾತು. ಅವನ ಹೆಂಡತಿ ಮಾರೆವ್ವ ಅವನಿಗಿಂತ ಒಂದು ಮಾತು ಹೆಚ್ಚು. ಅವರಿಗೆ ಮೂರನೇ ಮಂಚ. ನಾಳೆ ರಾತ್ರಿ ಹುಳದ ಪುಡಿ, ನಾಡಿದ್ದು ಬೆಳಿಗ್ಗೆ ಬರಿಹೊಟ್ಟೆಗೆ ಔಡಲೆಣ್ಣೆ, ಅಂದರೆ ಜುಲಾಬು.

ಆಗಸ್ಟ್ ೧೪, ಗುರುವಾರ

ಬರೆಯಬೇಕು. ಬರೆಯದಿದ್ದರೆ ಯಾರನ್ನಾದರೂ ಹೊಡೆಯುತ್ತೇನೆ.

ಬೆಳಿಗ್ಗೆ ಔಡಲೆಣ್ಣೆಯನ್ನು ಒಂದು ಔನ್ಸು ಅಳೆದುಕೊಂಡು ಮೂರನೇ ಮಂಚಕ್ಕೆ ಹೋದೆ. ರೋಗಿ ತಲೆಯ ತುಂಬ ಕಂಬಳಿ ಹೊದ್ದು ಮಲಗಿದ್ದ. ಪಕ್ಕದಲ್ಲಿ ಸೆರಗು ಎಳೆದುಕೊಂಡ ಹೆಂಗಸು. ಸೆರಗು ಎಳೆದುಕೊಂಡವರೆಲ್ಲ ನನಗೆ ಒಂದೇ.

"ಹೆಸರು?" ಎಂದೆ. ಆ ಬಾಯಿ ಅತ್ತ ಬಾಗಿಲಲ್ಲಿ ನಿಂತಿದ್ದಳು, ಅದಕ್ಕೇ ಕೇಳಿದ್ದು. ಹೆಂಗಸು ಸೆರಗಿನ ಅಂಚು ಕಚ್ಚಿದಳು. ಇನ್ನೊಮ್ಮೆ ಮೂವತ್ಮೂರು ಕೋಟಿ ದೇವರನ್ನು ಎಣಿಸುವ ತಾಳ್ಮೆ ನನಗಿರಲಿಲ್ಲ.

"ಮೂರನೇ ನಂಬರ ಹೌದಲ್ಲವ್ವಾ?"

"ಹೌದ್ರಿ" ಎಂದಳು.

ಕುತ್ತಿಗೆ ಎತ್ತಿ ಕುಡಿಸಿದೆ. ಮಂಪರಿನಲ್ಲಿಯೇ ನುಂಗಿದ.

ಆಮೇಲೆ ಎಲೆ ಅಡಿಕೆ ಹಾಕಿಕೊಂಡು, ಜ್ವರದ ಔಷಧಿ ಹಿಡಿದು ಆರನೇ ಮಂಚಕ್ಕೆ ಹೋದರೆ, ಅಲ್ಲಿ ದ್ಯಾವಪ್ಪ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಾನೆ!

"ಏನ್ ಅಜ್ಜಾರ, ಎಷ್ಟೊತ್ತಿಂದ ಕಾಯಾಕತ್ತೀನಿ. ಹೊಟ್ಟ್ಯಾಗ ಹುಳ ಭಜನಿ ಮಾಡಾಕತ್ತಾವ. ನನ್ನ ಜುಲಾಬು ಎಲ್ಲಿ?"

"ನೀ ಇಲ್ಲಿ ಯಾಕದೀಯೋ?"

"ಆ ಇಟಗಿ ತಂಗಿ ನಸುಕಿನ್ಯಾಗ ಬಂದು ಭಾಳ ಕೇಳಿಕೊಂಡ್ಲರಿ. ಈ ಮಂಚದ ತಲಿ ಉತ್ತರಕ್ಕ ಐತಂತ. ಉತ್ತರಕ್ಕ ತಲಿ ಹಾಕೂದು ಹೆಣಕ್ಕ, ನಮ್ಮನಿಯವ್ರು ಇನ್ನೂ ಜೀವಂತ ಅದಾರ, ಮಂಚ ಬದಲಿ ಮಾಡ್ಕೋರಿ ಅಣ್ಣಾರ ಅಂತ ಅತ್ಲು. ನನ್ನ ಹುಳಕ್ಕ ಉತ್ತರ ಏನು ದಕ್ಷಿಣ ಏನು. ಬಂದ್ಬಿಟ್ಟೆ."

ಔಷಧಿಯ ಲೋಟ ಕೈಯಲ್ಲಿ ಹಿಡಿದು ನಿಂತೆ. ಮುದ್ದತಿನ ಜ್ವರ ಮೂರನೇ ವಾರಕ್ಕೆ ಬಿತ್ತೆಂದರೆ ಕರುಳು ನೆನೆದ ಕಾಗದ ಇದ್ದಂತೆ. ಜುಲಾಬು ಕೊಟ್ಟರೆ ಹರಿಯಬಹುದು. ಹರಿದರೆ ಮನುಷ್ಯ ಉಳಿಯುವುದಿಲ್ಲ. ಇದು ನನಗೆ ಕಳಕಮ್ಮ ಕಲಿಸಿದ್ದಲ್ಲ. ಮೂವತ್ತೆರಡು ವರ್ಷದಿಂದ ಗೊತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಜ್ವರದವನಿಗೆ ಭೇದಿಯಾಯಿತು, ಜ್ವರ ಕೊಂಡೊಯ್ಯಿತು ಎನ್ನುತ್ತಿದ್ದರು. ಒಂದು ಬೀಡಿ ಹೊತ್ತಿಸುವಷ್ಟು ಹೊತ್ತು ಇದೂ ತಲೆಗೆ ಬಂತು. ಬಂದದ್ದನ್ನು ಬರೆದಿದ್ದೇನೆ.

ಹೋಗಿ ನರ್ಸ ಬಾಯಿಯ ಮುಂದೆ ನಿಂತು ಒದರಿದೆ: "ಜುಲಾಬು ಇಟಗಿಯವಗ ಕುಡಿಸೀನಿ! ನಾನು! ಏನು ಮಾಡ್ತಿ ಮಾಡು!"

ಕಳಕಮ್ಮ ನನ್ನ ಮುಖ ನೋಡಲಿಲ್ಲ, ಗಡಿಯಾರ ನೋಡಿದಳು. "ಎಷ್ಟೊತ್ತಾತ್ರಿ?"

"ಎಲಿ ಅಡಿಕಿ ಹಾಕ್ಕೊಂಡಷ್ಟು."

"ಎಷ್ಟು ಕುಡಿಸೀರಿ?"

"ಪೂರಾ ಒಂದು ಔನ್ಸು."

"ಛಲೋ ಆತು, ಹೇಳಿದ್ರಿ. ಕೈ ತೊಳಕೊಂಡು ಬರ್ರಿ. ಇವತ್ತು ನಿಮ್ಮ ಕೆಲಸ ಭಾಳ ಐತಿ."

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಟಾಂಗಾದ ರಸೂಲಸಾಬನ ಕೈಯಲ್ಲಿ ಚೀಟಿ ಕೊಟ್ಟು, ಕೊಪ್ಪಳಕ್ಕೆ ಹೋಗಿ ಅಲ್ಲಿಂದ ಮೋಟಾರು ಹಿಡಿದು ಡಾಕ್ಟರನ್ನು ಕರೆತರಲು ಕಳಿಸಿದಳು. ಹನುಮಣ್ಣನಿಗೆ ಹೊಟ್ಟೆಗೆ ಏನೂ ಇಲ್ಲ, ತುಟಿಗೆ ಮಾತ್ರ ಒದ್ದೆ ಬಟ್ಟೆ. ಕಾಲು ಗಂಟೆಗೊಮ್ಮೆ ನಾಡಿ ಹಿಡಿದು ಎಣಿಸುವುದು. ಹೊಟ್ಟೆ ಒಮ್ಮೆಲೇ ಕಲ್ಲಿನಂತಾದರೆ, ಮೈ ತಣ್ಣಗೆ ಬೆವೆತರೆ, ಕೂಡಲೇ ಕೂಗುವುದು. ಎಲ್ಲಕ್ಕಿಂತ ಮುಖ್ಯ, ಅವನು ಏಳಬಾರದು. ಹೊರಕಡೆಗೂ ಏಳಬಾರದು.

ಒಂಬತ್ತಕ್ಕೆ ಎಣ್ಣೆ ಕೆಲಸ ಸುರು ಮಾಡಿತು. ಅವನು ಏಳಲು ನೋಡಿದ. ನಾನು ತಗಡಿನ ಬೋಗಣಿ ಹಿಡಿದು ನಿಂತೆ.

"ಮಂಚದ ಮ್ಯಾಲನ? ನಾ ಏನು ತೊಟ್ಟಲ ಕೂಸೇನ್ರಿ?"

"ಕೂಸಾಗಿದ್ರ ಎರಡು ಬಾರಸತಿದ್ದೆ. ಸುಮ್ಮನ ಮಲಕ್ಕೋ. ಎದ್ದಿ ಅಂದ್ರ ಕಾಲು ಮುರೀತೀನಿ."

"ನೀವು ಹಿರ್ಯಾರು ಅದೀರಿ. ನಿಮ್ಮ ಕೈಲೆ ಮಾಡಿಸಿಕೊಳ್ಳಾಕ..."

"ಹಿರ್ಯಾ ಹೇಳಿದ್ದನ್ನ ಕೇಳು ಮತ್ತ."

ಇದು ಅಮೀನಾಬೀಯ ಕೆಲಸ. ಮೂವತ್ತೆರಡು ವರ್ಷದಲ್ಲಿ ಆ ಬೋಗಣಿಯನ್ನು ನಾನು ಕಾಲಲ್ಲಿಯೂ ಮುಟ್ಟಿದವನಲ್ಲ. ಆಕೆ ಬಂದು ಕೈ ಚಾಚಿದಳು. ಕೊಡಲಿಲ್ಲ. "ಕುಡಿಸಿದಾವ ನಾನು, ತೆಗಿಯಾವನೂ ನಾನ" ಎಂದೆ.

"ಯಾ ಅಲ್ಲಾ! ಮುದುಕಪ್ಪಗ ಜ್ವರ ಏರೈತಿ ನರ್ಸಮ್ಮಾ, ಇವರ ನಾಡೀನೂ ಹಿಡೀರಿ!"

ಸಂಜೆಯ ತನಕ ಏಳು ಸಲ. ಒರೆಸಿದೆ, ತೊಳೆದೆ, ಮಗ್ಗಲು ಬದಲಿಸಿದೆ, ಕೈಗೆ ಸಾಬೂನು ಹಚ್ಚಿದೆ. ಅವನ ನಾಡಿ ನೂರಾ ಹನ್ನೆರಡು.

ದ್ಯಾವಪ್ಪನಿಗೆ ಅವನ ಜುಲಾಬು ಸಿಕ್ಕಿತು. ಕಳಕಮ್ಮನೇ ಕುಡಿಸಿದಳು. ಅವನ ಹೊಟ್ಟೆಯಿಂದ ಹೊರಬಿದ್ದ ಹುಳಗಳ ವಿಷಯ ಇಲ್ಲಿ ಬರೆಯುವುದಿಲ್ಲ. ಅವನು ಮಾತ್ರ ಎಲ್ಲರನ್ನೂ ಕರೆದು ತೋರಿಸಿದ.

ಆಗಸ್ಟ್ ೧೫, ಶುಕ್ರವಾರ

ನಾಡಿ ನೂರಾ ಎಂಟು. ಹೊಟ್ಟೆ ಮೆತ್ತಗಿದೆ. ಬರೆಯಲು ಹೊತ್ತಿಲ್ಲ.

ಆಗಸ್ಟ್ ೧೬, ಶನಿವಾರ

ಬೀಡಿ ತರಲು ಬಜಾರಕ್ಕೆ ಹೋದೆ. ದವಾಖಾನೆಯಿಂದ ಹತ್ತು ಹೆಜ್ಜೆ. ಬೇವಿನ ಕಟ್ಟೆಯ ಮೇಲೆ ನಾಲ್ಕು ಮಂದಿ ಕುಳಿತು ಕಳಕಮ್ಮನ ಬಗ್ಗೆ ಮಾತಾಡುತ್ತಿದ್ದರು. "ಕಟ್ಟಿಕೊಂಡ ಗಂಡನ್ನ ನುಂಗಿದಾಕಿ ಐತಿ. ಈಗ ಇಟಗಿಯವನ್ನ ನುಂಗಾಕ ಏನೋ ಕುಡಿಸ್ಯಾಳಂತ" ಎಂದ ಒಬ್ಬ.

ನಾನು ಕಟ್ಟೆ ಹತ್ತಿದೆ.

"ಯಾವನಲೇ ಅಂದಾವ? ಕುಡಿಸಿದಾವ ನಾನು! ಪಕೀರಪ್ಪ! ಆಕಿ ಹೆಸರು ಕೇಳಿ ಕುಡಿಸು ಅಂತ ಹತ್ತು ಸಲ ಹೇಳಿದ್ಲು, ನಾ ಕೇಳಲಿಲ್ಲ. ತಪ್ಪು ನಂದು! ಬೈಯೂದಿದ್ರ ನನ್ನ ಬೈರಿ, ಇಲ್ಲೇ ನಿಂತೀನಿ!"

ನಿಂತೆ. ಯಾರೂ ಬೈಯಲಿಲ್ಲ. ಹೇಡಿಗಳು. ಬೀಡಿ ಕೊಳ್ಳುವುದು ಮರೆತು ಬಂದೆ.

ಮಧ್ಯಾಹ್ನ ಡಾಕ್ಟರ್ ಸಾಹೇಬರು ಬಂದರು. ಹನುಮಣ್ಣನ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಒಳಗೆ ಕರೆದರು.

"ಇನ್ನೂ ಹತ್ತು ದಿನ ಅಂಜಿಕಿ ಇದ್ದ ಐತಿ. ಆದ್ರ ನೀವು ಆ ಕ್ಷಣಕ್ಕ ಹೇಳದಿದ್ರ, ಅವನ ಹೆಂಡತಿ ಅವನ್ನ ಹೊಲದತನಕ ನಡಸ್ಕೊಂಡು ಹೋಗ್ತಿದ್ಲು, ಬಂದ ಮ್ಯಾಲ ರೊಟ್ಟಿ ಮುರದು ತಿನಸ್ತಿದ್ಲು. ಅಲ್ಲಿಗೆ ಮುಗೀತಿತ್ತು. ಹೇಳೀರಿ, ಅದು ನಿಮ್ಮ ಲೆಕ್ಕಕ್ಕ. ಕೇಳದ ಕುಡಿಸೀರಿ, ಅದೂ ನಿಮ್ಮ ಲೆಕ್ಕಕ್ಕ. ಹದಿನೈದು ದಿವಸ ನೀವು ಔಷಧಿ ಮುಟ್ಟಂಗಿಲ್ಲ."

"ಮತ್ತ ಏನು ಮಾಡ್ಲಿ? ಮನ್ಯಾಗ ಕುಂತು ನೊಣ ಹೊಡೀಲಿ?"

"ಪಟ್ಟಿ ತೊಳೀರಿ. ಬೋಗಣಿ ತೊಳೀರಿ. ಅದಂತೂ ರೂಢಿ ಆಗೈತೆಲ್ಲ."

ಮೂವತ್ತೆರಡು ವರ್ಷದವನಿಗೆ ಹೇಳುವ ಮಾತೇ ಇದು? ಇಪ್ಪತ್ತಾರು ಪಟ್ಟಿ ಕುದಿಸಿ ಒಣಹಾಕಿದೆ. ಯುದ್ಧ ಸುರುವಾದಾಗಿನಿಂದ ಪಟ್ಟಿಯ ಬಟ್ಟೆಯೂ ಸಿಗುತ್ತಿಲ್ಲ. ಅಮೀನಾಬೀ ಅವನ್ನು ಸರಿಯಾಗಿ ಕುದಿಸುತ್ತಲೇ ಇರಲಿಲ್ಲ ಎಂದು ಈಗ ಗೊತ್ತಾಯಿತು.

ಆಗಸ್ಟ್ ೧೮, ಸೋಮವಾರ

ಬೆಳಿಗ್ಗೆ ಹನುಮಣ್ಣನ ಅಣ್ಣ ಹೊಳಿಯಪ್ಪ ಎತ್ತಿನ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಗಾಡಿಯಲ್ಲಿ ಹುಲ್ಲು, ಹುಲ್ಲಿನ ಮೇಲೆ ಜಮಖಾನ.

"ತಮ್ಮನ್ನ ಮನಿಗೆ ಒಯ್ತೀನ್ರಿ. ಇವರು ಒಬ್ಬರ ಔಷಧಿ ಒಬ್ಬರಿಗೆ ಕುಡಿಸ್ತಾರ. ಸಾಯೂದಾದ್ರ ನಮ್ಮ ಊರಾಗ ಸಾಯಲಿ."

ಹೇಳಿದ್ದು ನ್ಯಾಯವೇ. ಆದರೆ ಇಟಗಿಗೆ ಕಲ್ಲು ಕೊರಕಲಿನ ದಾರಿ. ಗಾಡಿ ಎರಡು ಸಲ ಎತ್ತಿ ಹಾಕಿದರೆ ಸಾಕು, ಆ ಕರುಳು ತಡೆಯುವುದಿಲ್ಲ. ಕಳಕಮ್ಮ ಅದನ್ನೇ ಹೇಳಿದಳು. ಡಾಕ್ಟರೂ ಹೇಳಿದರು. ಹೊಳಿಯಪ್ಪ ಕೇಳಲಿಲ್ಲ. ಹುಲಿಗವ್ವ ಒಮ್ಮೆಲೇ ಅಳತೊಡಗಿದಳು.

"ಮಂಚ ಬದಲಿ ಮಾಡಿದಾಕಿ ನಾನ್ರಿ ಭಾವಾರ. ನಂದ ತಪ್ಪು. ಕೇಳಿದ್ರ ಹೆಸರೂ ಹೇಳಲಿಲ್ಲ..."

"ನೀ ಸುಮ್ಮನಿರು" ಎಂದೆ. "ಕೇಳಬೇಕಾದಾವ ನಾನು. ನಿಂದೇನೈತಿ ಅದರಾಗ?"

ಆಗ ಮಂಚದ ಮೇಲಿನಿಂದ ಹನುಮಣ್ಣ ಮಾತಾಡಿದ. ದನಿ ನೂಲಿನಷ್ಟಿತ್ತು.

"ಅಣ್ಣಾ, ನಾ ಬರಾಂಗಿಲ್ಲ."

"ಯಾಕೋ? ಇಲ್ಲಿ ಇನ್ನೇನು ಕುಡಿಸಿಕೊಳ್ಳಬೇಕಂತ ಮಾಡೀದಿ?"

"ಮೊನ್ನಿ ಈ ಅಜ್ಜ ಬಜಾರದಾಗ ನಿಂತು ತಪ್ಪು ನಂದು ಅಂತ ಒದರಿದ್ದು ನನಗ ಇಲ್ಲೀಮಟ ಕೇಳಿಸಿತು. ತಪ್ಪು ಮಾಡಿ ಒದರಿ ಹೇಳಾವ್ರು ಇರೂ ಜಾಗಾದಾಗ ಅಂಜಿಕಿ ಇಲ್ಲೋ. ಮನ್ಯಾಗ ಯಾರರ ತಪ್ಪು ಮಾಡಿದ್ರ ನನಗ ಹೇಳ್ತಾರೇನು?"

ಹೊಳಿಯಪ್ಪ ಹೊರಗೆ ಹೋಗಿ ಎತ್ತುಗಳ ಕೊರಳು ಬಿಚ್ಚಿದ. ಎತ್ತುಗಳಿಗೆ ನೀರು ಕೊಡುವುದೂ ನನ್ನ ಪಾಲಿಗೇ ಬಂತು.

ಅಷ್ಟು ಗಟ್ಟಿಯಾಗಿ ಒದರಬಾರದಿತ್ತು. ರೋಗಿಗಳು ಮಲಗುವ ಹೊತ್ತು.

ಆಗಸ್ಟ್ ೧೯, ಮಂಗಳವಾರ

ಇಂದು ಏನೂ ಆಗಲಿಲ್ಲ. ಇದಕ್ಕಿಂತ ಛಲೋ ಸುದ್ದಿ ಇಲ್ಲ.

ಎಂಟೂ ಮಂಚಗಳನ್ನು ಎಳೆಸಿ ಪೂರ್ವಕ್ಕೆ ತಲೆ ಮಾಡಿಸಿದೆ. ಡಾಕ್ಟರ್ ಸಾಹೇಬರು ಏಕೆಂದು ಕೇಳಿದರು. "ಅಂಜಿದವರ ಮಂಚ ನಡೀತಾವ್ರಿ" ಎಂದೆ. ಕಳಕಮ್ಮ ಅತ್ತ ತಿರುಗಿ ನಕ್ಕಳೇ? ಬೆನ್ನು ಅಲ್ಲಾಡಿದ್ದು ಮಾತ್ರ ಕಂಡಿತು.

ಆಗಸ್ಟ್ ೨೧, ಗುರುವಾರ

ರೊಟ್ಟಿ ತಿನ್ನುತ್ತ ಮನೆಯಾಕೆಯನ್ನು ಕೇಳಿದೆ. "ನಾನು ಅಲ್ಲಿ ಮಲಗಿ ಬಡಬಡಿಸಾಕತ್ತೀನಂತ ತಿಳಿ. ನರ್ಸು ಬಂದು ನಿನ್ನ ಗಂಡನ ಹೆಸರೇನು ಅಂತ ಕೇಳಿದ್ರ ಹೇಳ್ತಿಯೇನು?"

"ಸತ್ತರೂ ಹೇಳಂಗಿಲ್ಲ."

"ಸಾಯಾವ ನಾನು. ನೀನಲ್ಲ."

"ಅದಕ್ಕ ಹೇಳಂಗಿಲ್ಲ."

"ಮತ್ತ ಪಂಚಮಿಗೆ ಜೋಕಾಲಿ ಕಟ್ಟಿದಾಗ ಓಣಿ ಹೆಂಗಸರ ಮುಂದ ನನ್ನ ಹೆಸರು ತಗೊಂಡು ಒದರಿದ್ದಿ?"

"ಅದು ಒಡಪು. ಒಡಪು ಹಾಕಿ ಹೆಸರು ಹೇಳಿದ್ರ ಯಾವ ದೋಷಾನೂ ಇಲ್ಲ, ಆಯುಷ್ಯ ಹೆಚ್ಚಿಗಿ ಆಕ್ಕೈತಿ. ಅಷ್ಟೂ ಗೊತ್ತಿಲ್ಲೇನು?"

ಮದುವೆ, ಸೀಮಂತ, ಹಬ್ಬಗಳಲ್ಲಿ ಹೆಂಗಸರು ಎರಡು ಸಾಲಿನ ಹಾಡು ಕಟ್ಟಿ, ಅದರ ಬಾಲಕ್ಕೆ ಗಂಡನ ಹೆಸರು ಸೇರಿಸಿ ಹೇಳುತ್ತಾರಲ್ಲ, ಅದು ಒಡಪು. ಹುಟ್ಟಿದಾಗಿನಿಂದ ಕೇಳಿದ್ದೇನೆ.

"ಏನಂದಿದ್ದಿ ಅವತ್ತು?"

ಸೆರಗು ಸರಿಮಾಡಿಕೊಂಡು, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಂದಳು:

"ಬ್ಯಾಡಗಿ ಮೆಣಸಿನಕಾಯಿಗೆ ಹಚ್ಚೀನಿ ಉಪ್ಪ,
ಅದಕ್ಕಿಂತ ಖಾರ ನಮ್ಮ ಪಕೀರಪ್ಪ."

ಓಣಿಯ ಮುಂದೆ ಇದನ್ನು ಹೇಳಿದ್ದಾಳೆ! ಅದಕ್ಕೇ ತಿಂಗಳಿನಿಂದ ಹೆಂಗಸರು ನನ್ನನ್ನು ಕಂಡರೆ ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಸಿಟ್ಟು ಬರಬೇಕಿತ್ತು. ಅರ್ಧ ರೊಟ್ಟಿ ಬಿಟ್ಟು ದವಾಖಾನೆಗೆ ಹೋದೆ.

ಆಗಸ್ಟ್ ೨೩, ಶನಿವಾರ

ಔಷಧಿ ಮುಟ್ಟುವ ಹಾಗಿಲ್ಲ, ಬಾಯಿ ತೆರೆಯಬಾರದೆಂದು ಯಾರೂ ಹೇಳಿಲ್ಲ. ಕಳಕಮ್ಮ ತಟ್ಟೆ ಹಿಡಿದು ಮುಂದೆ, ನಾನು ಹಿಂದೆ. ಸುರು ಮಾರೆವ್ವನಿಂದ. ದ್ಯಾವಪ್ಪ ಎರಡನೇ ಸುತ್ತಿನ ಹುಳದ ಔಷಧಿಗೆಂದು ಇನ್ನೂ ಇಲ್ಲಿಯೇ ಇದ್ದಾನೆ.

"ಮಾರೆವ್ವಾ, ಹೆಸರು ಕೇಳಂಗಿಲ್ಲ. ಒಂದು ಒಡಪು ಹಾಕು."

ಆಕೆಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಸೊಂಟಕ್ಕೆ ಕೈಯಿಟ್ಟಳು.

"ಸಜ್ಜಿ ರೊಟ್ಟಿ ಮ್ಯಾಲ ಸುರದೀನಿ ತುಪ್ಪ,
ಹುಳಕ್ಕ ಪಾಲು ಕೊಟ್ಟು ಉಂಡಾರ ನಮ್ಮ ದ್ಯಾವಪ್ಪ!"

ಎಂಟು ಮಂಚಗಳೂ ನಕ್ಕವು. ದ್ಯಾವಪ್ಪನಂತೂ ನಕ್ಕು ನಕ್ಕು ಕೆಮ್ಮಿದ. ಕಳಕಮ್ಮ ಹಾಳೆಯಲ್ಲಿ ಹೆಸರು ತಾಳೆ ನೋಡಿ ಔಷಧಿ ಕೊಟ್ಟಳು. ಎರಡನೇ ಮಂಚದಾಕೆ, ಆ "ಅವ್ರರಿ ಇವ್ರರಿ" ಅಂದವಳು, ತಾನಾಗಿಯೇ ಎದ್ದು ನಿಂತಳು. ಸಂಜೆಗೆ ಹೊಸದು ಕಟ್ಟಿದಳು. ಮಾರೆವ್ವ ಅದಕ್ಕಿಂತ ಉದ್ದದ್ದು ಕಟ್ಟಿದಳು. ಅಷ್ಟೊತ್ತಿಗೆ ಹೊರಗಿನ ರೋಗಿಗಳೂ ಬಾಗಿಲಲ್ಲಿ ಬಂದು ನಿಂತರು. ಬೈದು ಓಡಿಸಿದೆ, ಮತ್ತೆ ಬಂದರು.

ಹುಲಿಗವ್ವ ಮಾತ್ರ ಹಾಕಲಿಲ್ಲ. "ಜ್ವರ ಇಳೀಲ್ರಿ. ಈಗ ಹಾಡೂ ಹೊತ್ತಲ್ಲ" ಎಂದು ಕಣ್ಣು ಒರೆಸಿಕೊಂಡಳು. ನಾನು ಏನೋ ಅನ್ನುವವನಿದ್ದೆ. ಕಳಕಮ್ಮ ಕಣ್ಣಲ್ಲೇ ತಡೆದು, ಹನುಮಣ್ಣನ ಕಿವಿಯ ಹತ್ತಿರ ಬಾಗಿ ಅವನನ್ನೇ ಕೇಳಿದಳು. ಅವನು ಹೇಳುವ ತನಕ ಲೋಟ ಎತ್ತದೆ ಕಾದಳು. ಮೂರು ನಿಮಿಷ ಹಿಡಿಯಿತು. ನನ್ನಿಂದ ಅಷ್ಟು ಕಾಯುವುದು ಸಾಧ್ಯವೇ ಎಂದು ನೋಡುತ್ತ ನಿಂತೆ. ಸಾಧ್ಯ.

ಆಗಸ್ಟ್ ೨೯, ಶುಕ್ರವಾರ

ಮೂವತ್ತನೇ ದಿನ. ಬೆಳಿಗ್ಗೆ ಅವನ ಹಣೆ ಮುಟ್ಟಿದೆ. ತಣ್ಣಗಿತ್ತು. ನಾಡಿ ಹಿಡಿದೆ. ಎಪ್ಪತ್ತಾರು, ಸಮನಾಗಿ ನಡೆಯುತ್ತಿತ್ತು. ಹೊಟ್ಟೆ ಮೆತ್ತಗೆ. ಒದರಿದೆ:

"ಮಗಳ! ಕಳಕಮ್ಮಾ! ಬಾ ಇಲ್ಲಿ!"

ಓಡಿ ಬಂದಳು. ಜ್ವರ ಅಳೆಯುವ ಕೊಳವೆ ಇಟ್ಟು ನೋಡಿದಳು. ಎರಡನೇ ಸಲ ಇಟ್ಟಳು. ಜ್ವರ ಇಲ್ಲ. ಡಾಕ್ಟರ್ ಸಾಹೇಬರು ಬಂದು ಮೂರನೇ ಸಲ ಇಟ್ಟರು. ಒಂದು ಕೊಳವೆಯನ್ನು ಎಷ್ಟು ಸಲ ಇಡುವುದು?

ಆಮೇಲೆ ಗಂಜಿಯ ತಿಳಿ ಕುಡಿಸುವ ಹೊತ್ತು. ಹುಲಿಗವ್ವ ಬಟ್ಟಲು ಹಿಡಿದವಳು ನಿಂತೇ ಇದ್ದಳು. ಯಾರೂ ಕೇಳಿರಲಿಲ್ಲ. ಸೆರಗನ್ನು ಹಿಂದಕ್ಕೆ ಸರಿಸಿದಳು. ಇಷ್ಟು ದಿನಕ್ಕೆ ಅವಳ ಮುಖ ಇಂದು ಕಂಡೆ. ಇನ್ನೂ ಸಣ್ಣ ಹುಡುಗಿ.

"ಇಟಗಿ ಗುಡಿ ಕಂಬ ನೋಡ್ರಿ, ಕನ್ನಡಿ ಬಣ್ಣ,
ಗಂಜಿ ಕುಡದು ಎದ್ದು ಕುಂತಾರ ನಮ್ಮ ಹನುಮಣ್ಣ."

ಈ ಸಲ ಯಾರೂ ನಗಲಿಲ್ಲ. ದ್ಯಾವಪ್ಪ ಬುಧವಾರವೇ ಮನೆಗೆ ಹೋದ, ಇದ್ದಿದ್ದರೆ ಅವನೂ ನಗುತ್ತಿರಲಿಲ್ಲ. ಅಮೀನಾಬೀ ಮೂಗು ಒರೆಸಿಕೊಂಡಳು. ಕಣ್ಣಿಗೆ ಬಿದ್ದ ಕಸ ತೆಗೆಯಲು ನಾನು ಹೊರಗೆ ಹೋದೆ. ಆ ಹೆಂಗಸು ಕಸ ಹೊಡೆಯುವ ರೀತಿಯೇ ಸರಿಯಿಲ್ಲ.

ಸೆಪ್ಟೆಂಬರ್ ೩, ಬುಧವಾರ

ಔಷಧಿ ಮತ್ತೆ ನನ್ನ ಕೈಗೆ ಬಂತು. ಬಂದ ದಿನವೇ ಜಗಳ.

ಡಾಕ್ಟರ್ ಸಾಹೇಬರು ಸೂಜಿ ತುಂಬಿಕೊಂಡು ಅವಸರದಲ್ಲಿ ಐದನೇ ಮಂಚಕ್ಕೆ ಬಂದು ರೋಗಿಯ ತೋಳು ಹಿಡಿದರು. ನಾನು ಅವರ ಕೈ ಹಿಡಿದೆ.

"ಹೆಸರು ಕೇಳಿದ್ರೇನ್ರಿ?"

"ಪಕೀರಪ್ಪನವ್ರ, ಮುಂಜಾನೆ ನಾನ ಇವನ್ನ ನೋಡೀನಿ."

"ಮುಂಜಾನಿದು ಮುಂಜಾನಿಗೆ ಆತು. ಈಗ ಕೇಳ್ರಿ."

"ಹೊತ್ತಾಗೈತ್ರಿ ನನಗ."

"ಒಂದು ಹೆಸರು ಹೇಳಾಕ ಎಷ್ಟೊತ್ತು ಬೇಕು? ಹೆಣ ಹೊರಾಕ ಅದಕ್ಕಿಂತ ಹೆಚ್ಚಿಗಿ ಬೇಕು."

ಕೇಳಿದರು. ಆಮೇಲೆ ಚುಚ್ಚಿದರು. ಹೋಗುವಾಗ ಕಳಕಮ್ಮನ ಕಡೆ ನೋಡಿ ಹುಬ್ಬು ಹಾರಿಸಿದರು. ಅವಳು ಗಡಿಯಾರಕ್ಕೆ ಕೀಲಿ ಕೊಡುವವಳಂತೆ ತಲೆ ತಗ್ಗಿಸಿದಳು.

ಈ ಹೊಸ ಕಾಲದ ಡಾಕ್ಟರುಗಳಿಗೆ ಒಂದು ಶಿಸ್ತಿಲ್ಲ. ಮೂವತ್ತೆರಡು ವರ್ಷದಿಂದ ನಾನು ಇದನ್ನೇ ಹೇಳುತ್ತ ಬಂದಿದ್ದೇನೆ.

ಸೆಪ್ಟೆಂಬರ್ ೮, ಸೋಮವಾರ

ಹನುಮಣ್ಣ ಇಂದು ಊರಿಗೆ ಹೋದ. ಹೊಳಿಯಪ್ಪ ಗಾಡಿಯಲ್ಲಿ ಈ ಸಲ ಎರಡು ಪಟ್ಟು ಹುಲ್ಲು ಹಾಸಿ ತಂದಿದ್ದ. ಹನುಮಣ್ಣ ಮಂಚದಿಂದ ಬಾಗಿಲ ತನಕ ತನ್ನ ಕಾಲ ಮೇಲೆಯೇ ನಡೆದ. ಕಡ್ಡಿಯಂಥ ಕಾಲು, ಆದರೂ ನಡೆದ. ಹುಲಿಗವ್ವ ಹಿಂದೆ ಗಂಟು ಹೊತ್ತು, ಕಳಕಮ್ಮ ಪಕ್ಕದಲ್ಲಿ ಮುಟ್ಟದೆ, ಮುಟ್ಟುವಷ್ಟು ಹತ್ತಿರ.

ಮನೆಗೆ ಒಯ್ಯಬೇಕಾದ ಶಕ್ತಿಯ ಔಷಧಿ ನಾನೇ ಕಲೆಸಿದ್ದೆ. ಸೀಸೆಯ ಮೇಲೆ ಗುಟುಕಿನ ಗುರುತಿನ ಕಾಗದ ಕತ್ತರಿಸಿ ಅಂಟಿಸಿದ್ದೆ, ದಿನಕ್ಕೆ ಎರಡು ಗುರುತು, ಹೆಚ್ಚಿಲ್ಲ, ಮನೆಯವರೆಲ್ಲ ಹಂಚಿಕೊಂಡು ಕುಡಿಯಬಾರದು ಎಂದು ಹೊಳಿಯಪ್ಪನಿಗೆ ನಾಲ್ಕು ಸಲ ಹೇಳಿದ್ದೆ. ಹನುಮಣ್ಣ ಗಾಡಿಗೆ ಕಾಲಿಡುವಾಗ ಅಡ್ಡ ನಿಂತೆ. ಸೀಸೆಯನ್ನು ಬೆನ್ನ ಹಿಂದೆ ಹಿಡಿದು ಕೇಳಿದೆ.

"ಹೆಸರು?"

ಅವನು ಗಾಡಿಯ ಗೂಟ ಹಿಡಿದು ನಕ್ಕ. "ಅಜ್ಜಾರ, ದಿನಕ್ಕ ಏಳು ಸಲ ನನ್ನ ಕುಂಡಿ ತೊಳದೀರಿ. ಇನ್ನೂ ಹೆಸರು ಗೊತ್ತಿಲ್ಲೇನ್ರಿ?"

"ಗೊತ್ತೈತಿ. ಹೇಳು."

"ಹನುಮಣ್ಣ."

"ಊರು?"

"ಇಟಗಿ."

ಸೀಸೆ ಕೊಟ್ಟೆ.